ಒಂದೇ ಹೆಸರು, ಹಲವು ಕೆಲಸ: ಫಂಕ್ಷನ್ ಓವರ್‌ಲೋಡಿಂಗ್ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಬಾಗಿಲು ಹಾಕು ಅಂದರೆ ಮುಚ್ಚು. ಲೈಟ್ ಹಾಕು ಅಂದರೆ ಉರಿಸು. ಗಿಡಕ್ಕೆ ನೀರು ಹಾಕು ಅಂದರೆ ಸುರಿ. ಲೆಕ್ಕ ಹಾಕು ಅಂದರೆ ಕೂಡಿಸಿ ಕಳೆದು ನೋಡು. 'ಹಾಕು' ಒಂದೇ ಮಾತು. ಅದರ ಜೊತೆಗೆ ಯಾವ ಪದ ಬಂತು ಅನ್ನುವುದನ್ನು ನೋಡಿಕೊಂಡು ನಾವು ಕೆಲಸ ಮಾಡುತ್ತೇವೆ. ಇದರಲ್ಲಿ ಗೊಂದಲ ಇದೆ ಅಂತ ನಮಗೆ ಅನ್ನಿಸುವುದೇ ಇಲ್ಲ. ಆದರೆ ಕನ್ನಡವನ್ನು ಹೊಸದಾಗಿ ಕಲಿಯುತ್ತಿರುವವರನ್ನು ಕೇಳಿ ನೋಡಿ. ಬಾಗಿಲನ್ನು ಹಾಕಿದರೆ ಮುಚ್ಚುತ್ತದೆ, ಲೈಟನ್ನು ಹಾಕಿದರೆ ಶುರುವಾಗುತ್ತದೆ, ಇದು ಯಾವ ನ್ಯಾಯ ಅಂತಾರೆ.

ಫಂಕ್ಷನ್ ಓವರ್‌ಲೋಡಿಂಗ್‌ನ ಸುಖವೂ ಕಷ್ಟವೂ ಹೆಚ್ಚುಕಡಿಮೆ ಇಷ್ಟೇ. ಫಂಕ್ಷನ್ ಅಂದರೆ ಪ್ರೋಗ್ರಾಂನಲ್ಲಿ ಒಂದು ಕೆಲಸಕ್ಕೆ ಹೆಸರಿಟ್ಟು ಬರೆದ ಕೋಡ್. ಒಂದೇ ಹೆಸರಿನ ಹಲವು ಫಂಕ್ಷನ್‌ಗಳನ್ನು ಬರೆಯುತ್ತೇವೆ. ಅವುಗಳ ಪ್ಯಾರಾಮೀಟರ್‌ಗಳ (ಅವು ತೆಗೆದುಕೊಳ್ಳುವ ಬೆಲೆಗಳ) ಸಂಖ್ಯೆಯೋ ಟೈಪೋ (ಬೆಲೆ ಯಾವ ಬಗೆಯದು ಅನ್ನುವುದೋ) ಬೇರೆ ಬೇರೆ ಇರುತ್ತದೆ. ಕರೆಯುವಾಗ ಏನು ಕೊಟ್ಟಿದ್ದೇವೆ ಅನ್ನುವುದನ್ನು ನೋಡಿ ಕಂಪೈಲರ್, ಅಂದರೆ ನಮ್ಮ ಕೋಡನ್ನು ಯಂತ್ರದ ಭಾಷೆಗೆ ಬದಲಾಯಿಸುವ ಪ್ರೋಗ್ರಾಂ, ಸರಿಯಾದದ್ದನ್ನು ಆರಿಸುತ್ತದೆ.

ದೊಡ್ಡದು(ಇಂಟ್ ಅ, ಇಂಟ್ ಬ)
ದೊಡ್ಡದು(ಡಬಲ್ ಅ, ಡಬಲ್ ಬ)
ದೊಡ್ಡದು(ಸ್ಟ್ರಿಂಗ್ ಅ, ಸ್ಟ್ರಿಂಗ್ ಬ)

ಇಂಟ್ ಅಂದರೆ ಪೂರ್ಣಾಂಕ, ಡಬಲ್ ಅಂದರೆ ದಶಮಾಂಶ ಸಂಖ್ಯೆ, ಸ್ಟ್ರಿಂಗ್ ಅಂದರೆ ಪಠ್ಯ. ದೊಡ್ಡದು(3, 8) ಅಂತ ಬರೆದರೆ ಮೊದಲನೆಯದು ಓಡುತ್ತದೆ. ದೊಡ್ಡದು(2.5, 1.9) ಅಂದರೆ ಎರಡನೆಯದು. ಫಂಕ್ಷನ್ ವಾಪಸ್ ಕೊಡುವ ಟೈಪ್ ಮಾತ್ರ ಬೇರೆ ಇದ್ದರೆ ಜಾವಾ, ಸಿ ಪ್ಲಸ್ ಪ್ಲಸ್ ಎರಡೂ ಒಪ್ಪುವುದಿಲ್ಲ. ಬಂದ ಉತ್ತರವನ್ನು ಎಲ್ಲೂ ಇಟ್ಟುಕೊಳ್ಳದೆ ಸುಮ್ನೆ ಕರೆದು ಬಿಟ್ಟರೆ, ಯಾವುದನ್ನು ಕರೆದೆವು ಅಂತ ಹೇಳಲು ಗುರುತೇ ಇರುವುದಿಲ್ಲ ಅಲ್ವಾ. ಏಡಾದಂಥ ಕೆಲವು ಭಾಷೆಗಳು ಉತ್ತರದ ಟೈಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಇಲ್ಲಿ ಒಂದು ಹೆಸರಿನ ತಕರಾರನ್ನು ಮುಗಿಸಿಬಿಡೋಣ. ಓವರ್‌ಲೋಡಿಂಗ್ ಬೇರೆ, ಓವರ್‌ರೈಡಿಂಗ್ ಬೇರೆ. ಕ್ಲಾಸ್ ಅಂದರೆ ಬೆಲೆಗಳನ್ನೂ ಫಂಕ್ಷನ್ನುಗಳನ್ನೂ ಒಟ್ಟಿಗೆ ಕಟ್ಟಿದ ಟೈಪ್, ಒಂದು ಕ್ಲಾಸಿನಿಂದ ಇನ್ನೊಂದನ್ನು ಹುಟ್ಟಿಸಬಹುದು. ತಾಯಿ ಕ್ಲಾಸಿನ ಫಂಕ್ಷನ್ನನ್ನು ಅದೇ ಹೆಸರು, ಅದೇ ಪ್ಯಾರಾಮೀಟರ್‌ಗಳೊಂದಿಗೆ ಮಗಳು ಕ್ಲಾಸು ಮತ್ತೆ ಬರೆದರೆ ಅದು ಓವರ್‌ರೈಡಿಂಗ್. ಅದರ ಆಯ್ಕೆ ಪ್ರೋಗ್ರಾಂ ಓಡುವಾಗ ಆಗುತ್ತದೆ. ಓವರ್‌ಲೋಡಿಂಗ್‌ನ ಆಯ್ಕೆ ಕಂಪೈಲ್ ಆಗುವಾಗಲೇ ಮುಗಿದಿರುತ್ತದೆ. ಈ ವ್ಯತ್ಯಾಸದಿಂದ ಒಂದು ತೊಂದರೆ ಹುಟ್ಟುತ್ತದೆ, ಮುಂದೆ ಬರುತ್ತೇನೆ.

ಇದು ಇಲ್ಲದಿದ್ದರೆ ಏನಾಗುತ್ತದೆ

ಸಿ ಭಾಷೆಯನ್ನು ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಓವರ್‌ಲೋಡಿಂಗ್ ಇಲ್ಲ. ಒಂದು ಸಂಖ್ಯೆಯ ಮೈನಸ್ ಗುರುತು ತೆಗೆಯುವ ಸಣ್ಣ ಕೆಲಸಕ್ಕೆ ಎಷ್ಟು ಹೆಸರುಗಳಿವೆ ನೋಡಿ (ಲಾಂಗ್, ಫ್ಲೋಟ್ ಮುಂತಾದವೂ ಸಂಖ್ಯೆಗಳ ಟೈಪುಗಳೇ). ಇಂಟ್‌ಗೆ ಆಬ್ಸ್, ಲಾಂಗ್‌ಗೆ ಎಲ್‌ಆಬ್ಸ್, ಲಾಂಗ್ ಲಾಂಗ್‌ಗೆ ಎಲ್‌ಎಲ್‌ಆಬ್ಸ್, ಡಬಲ್‌ಗೆ ಎಫ್‌ಆಬ್ಸ್, ಫ್ಲೋಟ್‌ಗೆ ಎಫ್‌ಆಬ್ಸ್‌ಎಫ್, ಲಾಂಗ್ ಡಬಲ್‌ಗೆ ಎಫ್‌ಆಬ್ಸ್‌ಎಲ್. ಆರು ಹೆಸರು, ಒಂದೇ ಕೆಲಸ. ಬರೀ ನೆನಪಿಟ್ಟುಕೊಳ್ಳುವ ಕಷ್ಟ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ತಪ್ಪು ಹೆಸರು ಬರೆದರೆ ಉತ್ತರವೇ ತಪ್ಪಾಗುತ್ತದೆ. ಸಿ ಭಾಷೆಯಲ್ಲಿ ಆಬ್ಸ್(-2.7) ಅಂತ ಬರೆದರೆ 2.7 ಬರುವುದಿಲ್ಲ. ಆ ದಶಮಾಂಶ ಸಂಖ್ಯೆ ಮೊದಲು ಪೂರ್ಣಾಂಕವಾಗಿ ಕತ್ತರಿಸಿಕೊಂಡು -2 ಆಗುತ್ತದೆ, ಉತ್ತರ 2 ಬರುತ್ತದೆ. ಈಗಿನ ಕಂಪೈಲರ್‌ಗಳು ಎಚ್ಚರಿಕೆ ಕೊಡುತ್ತವೆ. ಆದರೆ ಎಚ್ಚರಿಕೆಗಳನ್ನು ಓದುವವರು ಎಷ್ಟು ಜನ?

ಸಿ ಪ್ಲಸ್ ಪ್ಲಸ್‌ನ ಲೈಬ್ರರಿಯಲ್ಲಿ ಇವೆಲ್ಲಕ್ಕೂ ಆಬ್ಸ್ ಅನ್ನುವ ಒಂದೇ ಹೆಸರಿದೆ. ಕೊಟ್ಟದ್ದು ಡಬಲ್ ಆದರೆ ಡಬಲ್‌ನದ್ದು ಓಡುತ್ತದೆ. ಸಿ ಭಾಷೆಗೂ ಕೊನೆಗೆ ಈ ಆಸೆ ತಡೆಯಲಾಗಲಿಲ್ಲ. 1999ರ ಸ್ಟ್ಯಾಂಡರ್ಡ್‌ನಲ್ಲಿ ಗಣಿತದ ಫಂಕ್ಷನ್‌ಗಳಿಗೆ ಮಾತ್ರ, ಟೈಪ್ ನೋಡಿ ಆರಿಸುವ ಒಂದು ವಿಶೇಷ ಹೆಡರ್ (ಕೋಡಿಗೆ ಸೇರಿಸಿಕೊಳ್ಳುವ ಫೈಲ್) ಕೊಟ್ಟರು. 2011ರ ಸ್ಟ್ಯಾಂಡರ್ಡ್‌ನಲ್ಲಿ ಟೈಪ್ ನೋಡಿ ಆರಿಸಲು ಜೆನೆರಿಕ್ ಅನ್ನುವ ಕೀವರ್ಡ್ (ಭಾಷೆಯ ಮೀಸಲು ಪದ) ಬಂತು. ಮುಂಬಾಗಿಲಿನಲ್ಲಿ ಬೇಡ ಅಂದದ್ದನ್ನು ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟ ಹಾಗೆ.

ನಿಜ ಹೇಳಬೇಕೆಂದರೆ ಓವರ್‌ಲೋಡಿಂಗ್ ಪೂರ್ತಿ ಇಲ್ಲದ ಭಾಷೆ ಸಿಗುವುದು ಕಷ್ಟ. ಕೂಡುವ ಚಿಹ್ನೆಯನ್ನೇ ನೋಡಿ. 2 + 3 ಮತ್ತು 2.5 + 3.1 ಕಾಗದದ ಮೇಲೆ ಒಂದೇ ಥರ ಕಾಣುತ್ತವೆ. ಪ್ರೊಸೆಸರ್ ಒಳಗೆ ಎರಡಕ್ಕೂ ಬೇರೆ ಬೇರೆ ಆದೇಶಗಳು ಓಡುತ್ತವೆ. ಇದನ್ನು ಯಾರೂ ದೂರುವುದಿಲ್ಲ, ಏಕೆಂದರೆ ಎರಡರ ಅರ್ಥವೂ ಕೂಡುವುದೇ. ಇಂಗ್ಲೆಂಡಿನ ಕಂಪ್ಯೂಟರ್ ವಿಜ್ಞಾನಿ ಕ್ರಿಸ್ಟಫರ್ ಸ್ಟ್ರೇಚಿ 1967ರಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇದಕ್ಕೆ ಆಡ್ ಹಾಕ್ ಪಾಲಿಮಾರ್ಫಿಸಂ ಅಂತ ಹೆಸರಿಟ್ಟರು. ಪಾಲಿಮಾರ್ಫಿಸಂ ಅಂದರೆ ಬಹುರೂಪತೆ. ಆಡ್ ಹಾಕ್ ಅಂದರೆ ಆಯಾ ಸಂದರ್ಭಕ್ಕೆ ತಕ್ಕಂತೆ ಮಾಡಿಕೊಂಡ ಏರ್ಪಾಡು. ಒಂದೇ ಕೋಡ್ ಎಲ್ಲ ಟೈಪ್‌ಗಳಿಗೂ ಓಡಿದರೆ ಅದಕ್ಕೆ ಅವರು ಇಟ್ಟ ಹೆಸರು ಪ್ಯಾರಾಮೆಟ್ರಿಕ್. ಓವರ್‌ಲೋಡಿಂಗ್‌ನಲ್ಲಿ ಒಂದೇ ಆಗಿರುವುದು ಹೆಸರು ಮಾತ್ರ. ಒಳಗಿನ ಕೋಡ್‌ಗಳು ಒಂದಕ್ಕೊಂದು ಸಂಬಂಧ ಇಟ್ಟುಕೊಳ್ಳಲೇಬೇಕು ಅಂತ ಯಾವ ಕಂಪೈಲರೂ ಕೇಳುವುದಿಲ್ಲ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ತಲೆನೋವು ಅರ್ಥವಾಗುತ್ತದೆ.

ಒಳಗೆ ನಡೆಯುವುದು

ಲಿಂಕರ್‌ಗೆ ಟೈಪ್‌ಗಳ ಬಗ್ಗೆ ಏನೂ ಗೊತ್ತಿಲ್ಲ, ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಅದಕ್ಕೆ ಗೊತ್ತಿರುವುದು ಹೆಸರು ಮಾತ್ರ. ಒಂದೇ ಹೆಸರಿನ ಎರಡು ಫಂಕ್ಷನ್ ಕಂಡರೆ ಅದು ಜಗಳಕ್ಕೆ ಬರುತ್ತದೆ. ಹಾಗಾಗಿ ಸಿ ಪ್ಲಸ್ ಪ್ಲಸ್ ಕಂಪೈಲರ್ ಗುಟ್ಟಾಗಿ ಪ್ರತಿ ಫಂಕ್ಷನ್‌ಗೂ ಬೇರೆ ಹೆಸರು ಕೊಡುತ್ತದೆ. ಇದಕ್ಕೆ ನೇಮ್ ಮ್ಯಾಂಗ್ಲಿಂಗ್ ಅನ್ನುತ್ತಾರೆ. ಲಿನಕ್ಸ್‌ನಲ್ಲಿ ಎರಡು ಇಂಟ್ ತೆಗೆದುಕೊಳ್ಳುವ 'ಆಡ್' ಫಂಕ್ಷನ್‌ನ ಒಳಹೆಸರು ಹೀಗಿರುತ್ತದೆ: ಮೊದಲು ಒಂದು ಅಡಿಗೆರೆ ಮತ್ತು ಝಡ್ ಅಕ್ಷರ, ಆಮೇಲೆ ಹೆಸರಿನಲ್ಲಿ ಎಷ್ಟು ಅಕ್ಷರ ಇದೆ ಅನ್ನುವ ಸಂಖ್ಯೆ 3, ಆಮೇಲೆ ಹೆಸರು, ಕೊನೆಗೆ ಎರಡು ಇಂಟ್‌ಗಳ ಗುರುತಾಗಿ ಎರಡು ಐ. ಡಬಲ್ ಆಗಿದ್ದರೆ ಎರಡು ಡಿ. ಸಿ ಪ್ಲಸ್ ಪ್ಲಸ್ ಫಂಕ್ಷನ್ನನ್ನು ಬೇರೆ ಭಾಷೆಯಿಂದ ಕರೆಯಲು ಹೋದವರು ಈ ವಿಚಿತ್ರ ಹೆಸರುಗಳಿಗೆ ಒಮ್ಮೆಯಾದರೂ ಡಿಕ್ಕಿ ಹೊಡೆದಿರುತ್ತಾರೆ. ಎಕ್ಸ್‌ಟರ್ನ್ ಸಿ ಅಂತ ಬರೆದು ಹೆಸರನ್ನು ಇದ್ದ ಹಾಗೇ ಬಿಡಿಸಿಕೊಳ್ಳಬಹುದು. ಆದರೆ ಹಾಗೆ ಬರೆದ ಹೆಸರನ್ನು ಇನ್ನೊಂದು ಎಕ್ಸ್‌ಟರ್ನ್ ಸಿ ಫಂಕ್ಷನ್‌ಗೆ ಇಡಲಾಗದು.

ಇನ್ನೊಂದು ಸಣ್ಣ ಸಂಗತಿ. ಬ್ಯಾರ್ನೆ ಸ್ಟ್ರೌಸ್ಟ್ರಪ್ ರೂಪಿಸಿದ ಸಿ ಪ್ಲಸ್ ಪ್ಲಸ್‌ನಲ್ಲಿ ಮೊದಮೊದಲು, ಒಂದು ಹೆಸರನ್ನು ಓವರ್‌ಲೋಡ್ ಮಾಡಬೇಕಾದರೆ ಓವರ್‌ಲೋಡ್ ಅನ್ನುವ ಕೀವರ್ಡ್‌ನಿಂದ ಮುಂಚೆಯೇ ಹೇಳಬೇಕಿತ್ತು. 1989ರ 2.0 ಆವೃತ್ತಿಯ ಹೊತ್ತಿಗೆ ಅದು ಬೇಡವಾಯಿತು. ಬೇರೆ ಬೇರೆ ಲೈಬ್ರರಿಗಳನ್ನು ಕೂಡಿಸುವಾಗ ಅದು ಅಡ್ಡ ಬರುತ್ತಿತ್ತು, ತೆಗೆದದ್ದು ಸರಿಯೇ. ಆದರೂ ಓದುವವನ ಕಡೆಯಿಂದ ನೋಡಿದರೆ ಆ ಪದ ಇದ್ದಿದ್ದರೆ ಚೆನ್ನಾಗಿತ್ತು ಅಂತ ನನಗೆ ಆಗಾಗ ಅನ್ನಿಸುತ್ತದೆ. 'ಹುಷಾರು, ಈ ಹೆಸರಿನವರು ಇನ್ನೂ ಇದ್ದಾರೆ' ಅಂತ ಬೋರ್ಡು ಹಾಕಿದ ಹಾಗೆ ಇರುತ್ತಿತ್ತು.

ಕಂಪೈಲರ್ ಆರಿಸುವ ರೀತಿ, ನಾವು ಊಹಿಸುವ ರೀತಿ

ಕೊಟ್ಟ ಟೈಪ್ ಪ್ಯಾರಾಮೀಟರ್‌ಗೆ ಸರಿಯಾಗಿ ಹೊಂದಿದರೆ ಯಾವ ಸಮಸ್ಯೆಯೂ ಇಲ್ಲ. ಸರಿಯಾಗಿ ಹೊಂದದೆ, ಒಂದು ಟೈಪನ್ನು ಇನ್ನೊಂದಕ್ಕೆ ತಾನಾಗಿ ಬದಲಾಯಿಸಿಕೊಳ್ಳಬೇಕಾದಾಗ ಆಟ ಶುರುವಾಗುತ್ತದೆ. ಪ್ರತಿ ಭಾಷೆಗೂ ಇದಕ್ಕೆ ಅದರದ್ದೇ ಕಾನೂನು. ಲಾಂಗ್‌ಗೆ ಒಂದು, ಡಬಲ್‌ಗೆ ಒಂದು ಫಂಕ್ಷನ್ ಇದೆ ಅಂದುಕೊಳ್ಳಿ. 5 ಕೊಟ್ಟು ಕರೆದರೆ ಜಾವಾ ಸದ್ದಿಲ್ಲದೆ ಲಾಂಗ್ ಆರಿಸುತ್ತದೆ. ಸಿ ಪ್ಲಸ್ ಪ್ಲಸ್ ಮಾತ್ರ 'ಎರಡೂ ಅಷ್ಟೇ ದೂರ, ನನಗೆ ಗೊತ್ತಾಗುತ್ತಿಲ್ಲ' ಅಂತ ಕಂಪೈಲ್ ಮಾಡುವುದನ್ನೇ ನಿಲ್ಲಿಸುತ್ತದೆ.

ನಿಲ್ಲಿಸಿದರೆ ಒಳ್ಳೆಯದೇ. ನಿಲ್ಲಿಸದೆ ತಪ್ಪು ದಾರಿ ಹಿಡಿದಾಗ ಕಷ್ಟ. ಸಿ ಪ್ಲಸ್ ಪ್ಲಸ್‌ನಲ್ಲಿ ಈ ಎರಡು ಫಂಕ್ಷನ್ ಬರೆಯಿರಿ:

ಬರೆ(ಬೂಲ್ ಬೆಲೆ)
ಬರೆ(ಸ್ಟ್ರಿಂಗ್ ಮಾತು)

ಬೂಲ್ ಅಂದರೆ ನಿಜ ಅಥವಾ ಸುಳ್ಳು, ಎರಡೇ ಬೆಲೆ. ಈಗ ಬರೆ("ನಮಸ್ಕಾರ") ಅಂತ ಕರೆಯಿರಿ. ಯಾವುದು ಓಡುತ್ತದೆ? ಸ್ಟ್ರಿಂಗ್ ಅಂತ ನೀವು ಹೇಳುತ್ತೀರಿ, ನಾನೂ ಹೇಳುತ್ತಿದ್ದೆ. ಓಡುವುದು ಬೂಲ್. ಕಾರಣ ಇದೆ. ಉದ್ಧರಣ ಚಿಹ್ನೆಯೊಳಗೆ ಬರೆದ ಅಕ್ಷರಗಳು ಸಿ ಪ್ಲಸ್ ಪ್ಲಸ್‌ಗೆ ಸ್ಟ್ರಿಂಗ್ ಅಲ್ಲ, ಅಕ್ಷರಗಳ ಒಂದು ಅರೇ, ಅಂದರೆ ಸಾಲು. ಅದು ಸುಲಭವಾಗಿ ಪಾಯಿಂಟರ್ (ಮೆಮೊರಿಯ ವಿಳಾಸ) ಆಗುತ್ತದೆ. ಪಾಯಿಂಟರ್‌ನಿಂದ ಬೂಲ್‌ಗೆ ಹೋಗುವ ದಾರಿ ಭಾಷೆಯೊಳಗೇ ಇದೆ. ಸ್ಟ್ರಿಂಗ್ ಆಗಬೇಕಾದರೆ ಲೈಬ್ರರಿಯ ಕ್ಲಾಸಿನ ಕನ್‌ಸ್ಟ್ರಕ್ಟರ್ (ಆ ಕ್ಲಾಸಿನ ಹೊಸ ವಸ್ತು, ಅಂದರೆ ಆಬ್ಜೆಕ್ಟ್, ಮಾಡಿಕೊಡುವ ಫಂಕ್ಷನ್) ಕರೆಯಬೇಕು. ಭಾಷೆಯೊಳಗಿನ ದಾರಿಗೆ ಯಾವಾಗಲೂ ಮೊದಲ ಮಣೆ. ಹಾಗಾಗಿ 'ನಮಸ್ಕಾರ' ಹೋಗಿ 'ನಿಜ' ಆಗುತ್ತದೆ. ತಪ್ಪು ಅಂತ ಕಂಪೈಲರ್ ನಿಲ್ಲಿಸುವುದಿಲ್ಲ. ಕಾನೂನಿನ ಪ್ರಕಾರ ಎಲ್ಲ ಸರಿಯಾಗಿದೆ, ಓದುವವನಿಗೆ ಮಾತ್ರ ಮೋಸ.

ಸೊನ್ನೆಯ ಕಥೆಯೂ ಇದೇ ಜಾತಿಯದು. ಖಾಲಿ ಪಾಯಿಂಟರ್‌ಗೂ 0, ಸಂಖ್ಯೆಗೂ 0. ಇಂಟ್‌ಗೊಂದು ಪಾಯಿಂಟರ್‌ಗೊಂದು ಫಂಕ್ಷನ್ ಇದ್ದರೆ 0 ಯಾವಾಗಲೂ ಇಂಟ್ ಕಡೆಗೆ ಓಡುತ್ತಿತ್ತು. ಈ ತೊಂದರೆ ತಪ್ಪಿಸಲು 2011ರಲ್ಲಿ ನಲ್‌ಪಿಟಿಆರ್ ಅನ್ನುವ ಹೊಸ ಪದವನ್ನೇ ಭಾಷೆಗೆ ಸೇರಿಸಬೇಕಾಯಿತು.

ಜಾವಾ ಇದಕ್ಕಿಂತ ಸಭ್ಯ ಭಾಷೆ ಅಂತ ನಾನು ಬಹಳ ದಿನ ನಂಬಿದ್ದೆ. ಆಮೇಲೆ ಒಂದು ಪಟ್ಟಿ ನನಗೆ ಪಾಠ ಕಲಿಸಿತು. ಟೋಕನ್ ನಂಬರ್‌ಗಳ ಪಟ್ಟಿ ಅದು. ಕೆಲಸ ಮುಗಿದ ಟೋಕನ್ನನ್ನು ಪಟ್ಟಿಯಿಂದ ತೆಗೆಯಬೇಕಿತ್ತು. ಲಿಸ್ಟ್.ರಿಮೂವ್(ಟೋಕನ್) ಅಂತ ಬರೆದೆ. ಜಾವಾದ ಲಿಸ್ಟ್‌ನಲ್ಲಿ ರಿಮೂವ್ ಅನ್ನುವ ಹೆಸರಿನಲ್ಲಿ ಎರಡು ಇವೆ. ಇಂಟ್ ಕೊಟ್ಟರೆ ಆ ಸ್ಥಾನದಲ್ಲಿ ಇರುವುದನ್ನು ತೆಗೆಯುತ್ತದೆ. ಆಬ್ಜೆಕ್ಟ್ ಕೊಟ್ಟರೆ ಅದಕ್ಕೆ ಸಮನಾದದ್ದನ್ನು ಹುಡುಕಿ ತೆಗೆಯುತ್ತದೆ. ನನ್ನ ಟೋಕನ್ ಇಂಟ್ ಆಗಿತ್ತು. 3ನೇ ನಂಬರಿನ ಟೋಕನ್ ತೆಗೆ ಅಂತ ನಾನು ಹೇಳಿದೆ ಅಂದುಕೊಂಡಿದ್ದೆ, 3ನೇ ಸ್ಥಾನದಲ್ಲಿರುವುದನ್ನು ತೆಗೆ ಅಂತ ಅದು ಕೇಳಿಸಿಕೊಂಡಿತ್ತು. ಟೆಸ್ಟ್ ಬರೆದಿದ್ದೆ, ಅದೂ ಪಾಸಾಗಿತ್ತು. ಏಕೆಂದರೆ ಟೆಸ್ಟಿನ ಪಟ್ಟಿಯಲ್ಲಿ 0, 1, 2, 3, 4 ಅಂತ ಸಾಲಾಗಿ ಹಾಕಿದ್ದೆ. ಸ್ಥಾನಗಳ ಎಣಿಕೆಯೂ 0ಯಿಂದಲೇ ಶುರು, ಹಾಗಾಗಿ ಸ್ಥಾನವೂ ನಂಬರೂ ಒಂದೇ! ನಿಜವಾದ ಬಳಕೆಯಲ್ಲಿ 412ನೇ ಟೋಕನ್ ತೆಗೆಯಲು ಹೋಗಿ, ಪಟ್ಟಿಯಲ್ಲಿ ಅಷ್ಟು ಸ್ಥಾನಗಳೇ ಇಲ್ಲದೆ ಪ್ರೋಗ್ರಾಂ ಬಿದ್ದಿತು. ಬಿದ್ದದ್ದು ನನ್ನ ಪುಣ್ಯ. ಬೀಳದೆ ಬೇರೆಯವರ ಟೋಕನ್ ತೆಗೆಯುತ್ತಾ ಹೋಗಿದ್ದರೆ ಎಷ್ಟು ದಿನ ಹುಡುಕಬೇಕಿತ್ತೋ.

ಈ ಹೊಂಡ ಬಿದ್ದದ್ದು ಹೇಗೆ ಅನ್ನುವುದೂ ತಮಾಷೆಯಾಗಿದೆ. ಮೊದಲು ಪಟ್ಟಿಯೊಳಗೆ ಇಂಟ್ ಹಾಕಲು ಆಗುತ್ತಲೇ ಇರಲಿಲ್ಲ, ಅದನ್ನು ಇಂಟಿಜರ್ ಆಬ್ಜೆಕ್ಟ್ ಆಗಿ ನಾವೇ ಸುತ್ತಿ ಕೊಡಬೇಕಿತ್ತು. ಹಾಗಾಗಿ ಎರಡು ರಿಮೂವ್‌ಗಳು ಅಕ್ಕಪಕ್ಕದ ಮನೆಯವರಂತೆ ಜಗಳ ಇಲ್ಲದೆ ಬದುಕಿದ್ದವು. 2004ರಲ್ಲಿ ಬಂದ ಜಾವಾ 5 ಈ ಸುತ್ತುವ ಕೆಲಸವನ್ನು ತಾನೇ ಮಾಡತೊಡಗಿತು. ಇಂಟ್ ಮತ್ತು ಇಂಟಿಜರ್ ನಡುವಿನ ಗೋಡೆ ನಮ್ಮ ಕಣ್ಣಿಗೆ ಕಾಣದಂತಾಯಿತು, ಕಂಪೈಲರ್‌ಗೆ ಮಾತ್ರ ಕಾಣುತ್ತಲೇ ಉಳಿಯಿತು. ಜಾವಾ ಮೊದಲು ಸುತ್ತದೆ ಹೊಂದುವುದನ್ನು ಹುಡುಕುತ್ತದೆ. ಸಿಗದಿದ್ದರೆ ಸುತ್ತಿ ನೋಡುತ್ತದೆ. ಅದೂ ಇಲ್ಲದಿದ್ದರೆ ಎಷ್ಟು ಬೇಕಾದರೂ ಆರ್ಗ್ಯುಮೆಂಟ್ (ಕರೆಯುವಾಗ ಕೊಡುವ ಬೆಲೆ) ತೆಗೆದುಕೊಳ್ಳುವ ಫಂಕ್ಷನ್ ಕಡೆ ಹೋಗುತ್ತದೆ. ಮೂರು ಮೆಟ್ಟಿಲು. ಹಳೆಯ ಕೋಡ್ ಕೆಡದಿರಲಿ ಅಂತ ಹೀಗೆ ಮಾಡಿದ್ದು, ಅದು ಒಳ್ಳೆಯ ಕಾರಣವೇ. ಆದರೆ ಒಂದು ಸಾಲು ಓದುವಾಗ ಈ ಮೂರು ಮೆಟ್ಟಿಲು ಯಾರ ತಲೆಯಲ್ಲಿರುತ್ತದೆ ಹೇಳಿ.

ಜಾವಾದಲ್ಲೇ ಇನ್ನೊಂದು ನೋಡಿ, ಪಠ್ಯ ಕಟ್ಟುವ ಕ್ಲಾಸಿನದು. ಸ್ಟ್ರಿಂಗ್‌ಬಿಲ್ಡರ್‌ಗೆ ಒಂಟಿ ಉದ್ಧರಣದೊಳಗೆ ಸಣ್ಣ ಎಕ್ಸ್ ಅಕ್ಷರ ಕೊಟ್ಟು ಹೊಸದೊಂದು ಮಾಡಿದರೆ, ಅದರೊಳಗೆ ಎಕ್ಸ್ ಇರುವುದಿಲ್ಲ. ಕ್ಯಾರೆಕ್ಟರ್ ತೆಗೆದುಕೊಳ್ಳುವ ಕನ್‌ಸ್ಟ್ರಕ್ಟರ್ ಅಲ್ಲಿ ಇಲ್ಲ. ಇಂಟ್‌ನದ್ದು ಇದೆ, ಅದು ಎಷ್ಟು ಜಾಗ ಬೇಕು ಅಂತ ಕೇಳುತ್ತದೆ. ಎಕ್ಸ್‌ನ ಅಕ್ಷರಸಂಖ್ಯೆ 120. ಆದ್ದರಿಂದ 120 ಅಕ್ಷರಗಳಿಗೆ ಜಾಗ ಇರುವ ಖಾಲಿ ಡಬ್ಬ ಸಿಗುತ್ತದೆ.

ಕಂಪೈಲ್ ಆಗುವಾಗಲೇ ಆಯ್ಕೆ ಮುಗಿಯುತ್ತದೆ ಅಂದೆನಲ್ಲ, ಅದರ ತೊಂದರೆ ಇದು. ಆಕಾರ ಅನ್ನುವ ತಾಯಿ ಕ್ಲಾಸು, ವೃತ್ತ ಅನ್ನುವ ಮಗಳು ಕ್ಲಾಸು ಇದೆ ಅಂದುಕೊಳ್ಳಿ. ಚಿತ್ರಿಸು(ಆಕಾರ), ಚಿತ್ರಿಸು(ವೃತ್ತ) ಎರಡನ್ನೂ ಬರೆದಿದ್ದೀರಿ. ಆಕಾರಗಳ ಪಟ್ಟಿಯೊಂದನ್ನು ಹಿಡಿದು, ಒಂದೊಂದನ್ನೇ ಚಿತ್ರಿಸುಗೆ ಕೊಡುತ್ತಾ ಹೋದಿರಿ. ಪಟ್ಟಿಯ ತುಂಬ ವೃತ್ತಗಳೇ ಇದ್ದರೂ ಪ್ರತಿ ಸಲವೂ ಆಕಾರದ ಫಂಕ್ಷನ್ನೇ ಓಡುತ್ತದೆ. ಕಂಪೈಲರ್ ನೋಡುವುದು ಡಬ್ಬದ ಮೇಲಿನ ಚೀಟಿಯನ್ನು, ಒಳಗೇನಿದೆ ಅಂತಲ್ಲ. ಜೂಲಿಯಾ ಭಾಷೆ ಇದಕ್ಕೆ ಉಲ್ಟಾ. ಅಲ್ಲಿ ಓಡುವ ಹೊತ್ತಿನಲ್ಲಿ ಎಲ್ಲ ಆರ್ಗ್ಯುಮೆಂಟ್‌ಗಳ ನಿಜವಾದ ಟೈಪ್ ನೋಡಿ ಆರಿಸುತ್ತಾರೆ. ಅದಕ್ಕೆ ಮಲ್ಟಿಪಲ್ ಡಿಸ್ಪ್ಯಾಚ್ ಅಂತ ಹೆಸರು. ಆ ಭಾಷೆ ನಿಂತಿರುವುದೇ ಅದರ ಮೇಲೆ.

ಲೈಬ್ರರಿ ಬರೆಯುವವರು ಹೆದರಬೇಕಾದ್ದು ಇನ್ನೊಂದಕ್ಕೆ. ನಿಮ್ಮ ಲೈಬ್ರರಿಯಲ್ಲಿ ಸರಾಸರಿ(ಡಬಲ್, ಡಬಲ್) ಮಾತ್ರ ಇತ್ತು. ಜನ ಸರಾಸರಿ(3, 4) ಅಂತ ಕರೆದು 3.5 ಪಡೆಯುತ್ತಿದ್ದರು. ಮುಂದಿನ ಆವೃತ್ತಿಯಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದ ಸರಾಸರಿ(ಇಂಟ್, ಇಂಟ್) ಸೇರಿಸಿದರು, ಅದು ಪೂರ್ಣಾಂಕದ ಭಾಗಾಕಾರ ಮಾಡಿ ಇಂಟ್ ಕೊಡುತ್ತದೆ. ಕರೆಯುವವರ ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಮತ್ತೆ ಕಂಪೈಲ್ ಮಾಡಿದ ದಿನ ಉತ್ತರ 3 ಬರುತ್ತದೆ. ಹೊಸದಾಗಿ ಒಂದನ್ನು ಸೇರಿಸಿದರೆ ಹಳೆಯದು ಕೆಡುವುದಿಲ್ಲ ಅನ್ನುವ ನಂಬಿಕೆ ಓವರ್‌ಲೋಡಿಂಗ್ ಇರುವ ಕಡೆ ನಡೆಯುವುದಿಲ್ಲ.

ಬೇಡ ಅಂದವರು ಏನು ಮಾಡಿಕೊಂಡರು

ಗೋ ಭಾಷೆ ಇದನ್ನು ಬೇಕಂತಲೇ ಬಿಟ್ಟಿದೆ. ಒಮ್ಮೊಮ್ಮೆ ಉಪಯೋಗ ಇದ್ದರೂ ಗೊಂದಲ ಮಾಡುತ್ತದೆ, ಸುಲಭವಾಗಿ ಮುರಿಯುತ್ತದೆ ಅನ್ನುವುದು ಅವರ ವಾದ. ರಸ್ಟ್‌ನಲ್ಲೂ ಹೆಸರೊಂದಕ್ಕೆ ಫಂಕ್ಷನ್ ಒಂದೇ. ಖಾಲಿ ವೆಕ್ಟರ್‌ಗೆ (ಪಟ್ಟಿಗೆ) ನ್ಯೂ, ಜಾಗ ಹೇಳಿ ಮಾಡಬೇಕಾದರೆ ವಿತ್ ಕೆಪ್ಯಾಸಿಟಿ. ಹೆಸರು ಉದ್ದ, ಆದರೆ ಎಕ್ಸ್ ಕೊಟ್ಟು 120 ಪಡೆಯುವ ಪ್ರಶ್ನೆ ಇಲ್ಲ. ಬೇರೆ ಬೇರೆ ಟೈಪ್‌ಗಳಿಗೆ ಒಂದೇ ಹೆಸರು ಬೇಕೇ ಬೇಕು ಅಂದರೆ ಟ್ರೇಟ್ ಬರೆದು, 'ಈ ಹೆಸರಿನ ಅರ್ಥ ಇದು' ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು. ಈ ಯೋಚನೆಯ ಬೇರು ಹ್ಯಾಸ್ಕೆಲ್‌ನ ಟೈಪ್ ಕ್ಲಾಸ್‌ಗಳಲ್ಲಿದೆ. ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ 1989ರಲ್ಲಿ ಅದನ್ನು ವಿವರಿಸಿದರು. ಸ್ಟ್ರೇಚಿ ಹೇಳಿದ ಆ ಆಡ್ ಹಾಕ್ ಏರ್ಪಾಡಿಗೆ ಒಂದು ಶಿಸ್ತು ತರುವುದೇ ಅವರ ಉದ್ದೇಶವಾಗಿತ್ತು. ನನಗೆ ಕೇಳಿದರೆ ಇದು ಅತ್ಯಂತ ಚಂದದ ಉತ್ತರ. ಹೆಸರು ಹಂಚಿಕೊಳ್ಳುವವರು ಅರ್ಥವನ್ನೂ ಹಂಚಿಕೊಳ್ಳಬೇಕು ಅಂತ ಭಾಷೆಯೇ ಕೇಳುತ್ತದೆ.

ಪೈಥಾನ್‌ನಲ್ಲಿ ಒಂದೇ ಹೆಸರಿನಲ್ಲಿ ಎರಡು ಸಲ ಫಂಕ್ಷನ್ ಬರೆದರೆ ಎರಡನೆಯದು ಮೊದಲನೆಯದನ್ನು ನುಂಗಿಹಾಕುತ್ತದೆ, ಒಂದು ಮಾತೂ ಹೇಳದೆ. ಜಾವಾದಿಂದ ಬಂದವರು ಮೊದಲ ವಾರ ಇಲ್ಲಿ ಎಡವುತ್ತಾರೆ. ಆದರೆ ಪೈಥಾನ್‌ನಲ್ಲಿ ಅದರ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಪ್ಯಾರಾಮೀಟರ್‌ಗಳಿಗೆ ಡೀಫಾಲ್ಟ್ ಬೆಲೆ (ಏನೂ ಕೊಡದಿದ್ದರೆ ಬಳಸುವ ಬೆಲೆ) ಕೊಡಬಹುದು, ಕರೆಯುವಾಗ ಹೆಸರು ಹೇಳಿ ಕೊಡಬಹುದು. ಉಳಿಸು(ಫೈಲ್, ಮೇಲೆಬರೆ=ನಿಜ) ಅಂತ ಓದಿದರೆ ಏನಾಗುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ. ಜಾವಾದಲ್ಲಿ ಡೀಫಾಲ್ಟ್ ಬೆಲೆ ಇಲ್ಲದ ಕಾರಣಕ್ಕೇ ಒಂದು, ಎರಡು, ಮೂರು ಪ್ಯಾರಾಮೀಟರ್‌ಗಳ ಓವರ್‌ಲೋಡ್‌ಗಳ ಮೆಟ್ಟಿಲು ಸಾಲು ಕಟ್ಟುತ್ತಾರೆ. ಅದರಲ್ಲಿ ಅಪಾಯ ಕಡಿಮೆ, ಬೇಜಾರು ಜಾಸ್ತಿ. ಟೈಪ್ ನೋಡಿ ಆರಿಸುವುದು ಬೇಕಾದರೆ ಪೈಥಾನ್ 3.4ರಿಂದ ಸಿಂಗಲ್‌ಡಿಸ್ಪ್ಯಾಚ್ ಇದೆ, ಮೊದಲ ಆರ್ಗ್ಯುಮೆಂಟ್‌ಗೆ ಮಾತ್ರ.

ನಾನು ಬರೆಯುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಸಾಲನ್ನು ಓದುವವನಿಗೆ ಯಾವ ಓವರ್‌ಲೋಡ್ ಓಡಿತು ಅಂತ ಗೊತ್ತಿಲ್ಲದಿದ್ದರೂ ಸಾಲಿನ ಅರ್ಥ ಆಗುತ್ತದೆಯೇ? ಜಾವಾದ ಪ್ರಿಂಟ್‌ಎಲ್‌ಎನ್‌ಗೆ ಹತ್ತು ರೂಪಗಳಿವೆ. ಹತ್ತರಲ್ಲಿ ಯಾವುದು ಓಡಿತು ಅಂತ ತಲೆ ಕೆಡಿಸಿಕೊಂಡವರನ್ನು ನಾನು ನೋಡಿಲ್ಲ, ಏನೇ ಕೊಟ್ಟರೂ ಪರದೆಯ ಮೇಲೆ ಬರುತ್ತದೆ. ಮ್ಯಾಟ್ರಿಕ್ಸ್‌ಗಳನ್ನು ಗುಣಿಸುವ ಚಿಹ್ನೆಯೂ ಹಾಗೇ. ರಿಮೂವ್ ಈ ಪರೀಕ್ಷೆಯಲ್ಲಿ ಫೇಲ್. ಸ್ಥಾನ ಹೇಳಿ ತೆಗೆಯುವುದು, ಹುಡುಕಿ ತೆಗೆಯುವುದು ಎರಡು ಬೇರೆ ಕೆಲಸಗಳು.

ಪ್ಯಾರಾಮೀಟರ್‌ಗಳ ಸಂಖ್ಯೆ ಬೇರೆ ಇದ್ದರೆ ನಾನು ಜಾಸ್ತಿ ಹೆದರುವುದಿಲ್ಲ. ಸಂಖ್ಯೆ ಒಂದೇ ಇದ್ದು, ಟೈಪ್‌ಗಳು ಒಂದರಿಂದ ಇನ್ನೊಂದಕ್ಕೆ ತಾವಾಗಿ ಬದಲಾಗುವಂಥವಾದರೆ ಬೇರೆ ಹೆಸರು ಇಡುತ್ತೇನೆ. ಕನ್‌ಸ್ಟ್ರಕ್ಟರ್‌ಗೆ ಬೇರೆ ಹೆಸರು ಇಡಲು ಜಾವಾ ಬಿಡುವುದಿಲ್ಲ, ಕ್ಲಾಸಿನ ಹೆಸರೇ ಇರಬೇಕು. ಅವಧಿ(10) ಅಂದರೆ ಹತ್ತು ಸೆಕೆಂಡೋ ಮಿಲಿಸೆಕೆಂಡೋ? ಎರಡೂ ಲಾಂಗ್, ಓವರ್‌ಲೋಡ್ ಮಾಡಲೂ ಆಗದು. ಅದಕ್ಕೇ 2014ರ ಜಾವಾ 8ರಲ್ಲಿ ಬಂದ ಡ್ಯುರೇಷನ್ ಕ್ಲಾಸಿನಲ್ಲಿ ನೀವು ಕರೆಯುವುದು ಆಫ್‌ಸೆಕೆಂಡ್ಸ್(10) ಅಥವಾ ಆಫ್‌ಮಿಲಿಸ್(10). ಇನ್ನು ಮೂರು ಓವರ್‌ಲೋಡ್‌ಗಳ ಒಳಗಿನ ಕೋಡ್ ಅಕ್ಷರ ಅಕ್ಷರವೂ ಒಂದೇ ಆಗಿದ್ದರೆ, ಮೊದಲು ಬರೆದ 'ದೊಡ್ಡದು' ಥರ, ಅಲ್ಲಿ ಬೇಕಾದದ್ದು ಒಂದೇ ಕೋಡ್ ಎಲ್ಲ ಟೈಪುಗಳಿಗೂ ಓಡುವ ಟೆಂಪ್ಲೇಟ್ ಅಥವಾ ಜೆನೆರಿಕ್, ಓವರ್‌ಲೋಡಿಂಗ್ ಅಲ್ಲವೇ ಅಲ್ಲ.

ಜಾವಾದ ಪಕ್ಕದಲ್ಲೇ ಬೆಳೆದ ಕೋಟ್ಲಿನ್ ಈ ಪಟ್ಟಿಯ ಗೋಳನ್ನು ನೋಡಿ ಹೆಸರನ್ನು ಎರಡು ಮಾಡಿತು. ಅಲ್ಲಿ ಬೆಲೆ ಕೊಟ್ಟು ತೆಗೆಯಲು ರಿಮೂವ್, ಸ್ಥಾನ ಹೇಳಿ ತೆಗೆಯಲು ರಿಮೂವ್‌ಆಟ್. ನನ್ನ ಟೋಕನ್ ಪಟ್ಟಿ ಇನ್ನೂ ಜಾವಾದಲ್ಲೇ ಇದೆ. ಆ ಸಾಲಿನಲ್ಲಿ ಈಗ ಲಿಸ್ಟ್.ರಿಮೂವ್(ಇಂಟಿಜರ್.ವ್ಯಾಲ್ಯೂಆಫ್(ಟೋಕನ್)) ಅಂತಿದೆ. ಮೇಲೊಂದು ಕಾಮೆಂಟೂ ಇದೆ: 'ಇದನ್ನು ಚಿಕ್ಕದು ಮಾಡಲು ಹೋಗಬೇಡಿ.'